ಮಗುವಿನ ಮೊದಲ ಮೂರು ವರುಷ: ಕಾದು ನೋಡುವ ಕಾಲವಲ್ಲ



ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ತನ್ನ ಮಗನನ್ನು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾನೆ. ಹುಡುಗನಿಗೆ ಮಾತಿಲ್ಲ, ಆಗಾಗ ನೆಲಕ್ಕೆ ಬಿದ್ದು ಒದ್ದಾಡುತ್ತಾನೆ. ಶಿಷ್ಯರ ಕೈಯಲ್ಲಿ ಏನೂ ಆಗಿಲ್ಲ. ಸುತ್ತಲೂ ಜನ ಸೇರಿ ವಾದ ಮಾಡುತ್ತಿದ್ದಾರೆ. ಈ ಭಾಗವನ್ನು ಪ್ರಸಂಗಕ್ಕೆ ಎತ್ತಿಕೊಂಡಾಗ ನಾವು ಗುರುಗಳು ಬಹುಮಟ್ಟಿಗೆ ಆ ತಂದೆಯ ವಿಶ್ವಾಸದ ಕುರಿತೇ ಮಾತನಾಡುತ್ತೇವೆ. ಅದಕ್ಕೂ ಮುಂಚೆ ಸ್ವಾಮಿ ಕೇಳಿದ ಒಂದು ಚಿಕ್ಕ ಪ್ರಶ್ನೆ ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ. ಹುಡುಗನಿಗೆ ಇದು ಎಷ್ಟು ಕಾಲದಿಂದ ಇದೆ ಎಂದು ಅವರು ತಂದೆಯನ್ನು ವಿಚಾರಿಸುತ್ತಾರೆ. ಚಿಕ್ಕಂದಿನಿಂದಲೂ ಇದೆ ಎಂದು ತಂದೆ ತಿಳಿಸುತ್ತಾನೆ.

ಇಂದು ಯಾವ ಮಕ್ಕಳ ವೈದ್ಯರ ಬಳಿಗೆ ಹೋದರೂ ಮೊದಲು ಕೇಳುವ ಪ್ರಶ್ನೆ ಇದೇ. ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಉತ್ತರ ಇರುವುದಿಲ್ಲವೆಂದಲ್ಲ. ತಾಯಿಗೆ ಬಹಳ ಮುಂಚೆಯೇ ತಿಳಿದಿರುತ್ತದೆ. ಎದೆಹಾಲು ಕುಡಿಸುವಾಗ ಮಗು ತನ್ನ ಮುಖ ನೋಡುವುದಿಲ್ಲ, ಪಕ್ಕದ ಮನೆಯ ಮಗು ಕುಳಿತರೂ ತನ್ನದು ಕೂರುತ್ತಿಲ್ಲ ಎಂಬುದು ಅವಳ ಮನಸ್ಸನ್ನು ಕೊರೆಯುತ್ತಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದ ದಿನ ಮನೆಯವರೆಲ್ಲ ಸೇರಿ ಸಮಾಧಾನ ಹೇಳುತ್ತಾರೆ: “ಅವನಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು.” “ಗಂಡು ಮಕ್ಕಳು ನಿಧಾನ.” “ದಪ್ಪ ಮಗು, ನಡೆಯೋದು ತಡ.” “ಕಾದು ನೋಡೋಣ.” ಹೇಳುವವರಿಗೆ ಪ್ರೀತಿಯಿದೆ, ಸಂದೇಹವಿಲ್ಲ. ಆದರೆ ಮನೆ ಭೇಟಿಗೆ ಹೋದ ಕಡೆಯಲ್ಲೆಲ್ಲ ಈ ಮಾತು ಕೇಳಿ ಕೇಳಿ ನನಗೆ ಅನಿಸಿರುವುದೇನೆಂದರೆ, ಚಿಕ್ಕ ಮಗುವಿನ ವಿಷಯದಲ್ಲಿ ಇಷ್ಟು ದುಬಾರಿಯಾದ ಮಾತು ಇನ್ನೊಂದಿಲ್ಲ. ಏಕೆಂದು ಇಂದು ತಿಳಿದುಕೊಳ್ಳೋಣ.

ಮೊದಲು ಒಂದು ವ್ಯತ್ಯಾಸ ನೆನಪಿರಲಿ. ಬೆಳವಣಿಗೆಯಲ್ಲಿ ತಡವಾಗುವುದು ಬೇರೆ, ಅಂಗವೈಕಲ್ಯ ಬೇರೆ. ತಡವಾದ ಮಕ್ಕಳಲ್ಲಿ ಎಷ್ಟೋ ಮಕ್ಕಳು ಸ್ವಲ್ಪ ಸಹಾಯ ಸಿಕ್ಕೊಡನೆ ಓರಗೆಯವರನ್ನು ಸೇರಿಕೊಳ್ಳುತ್ತಾರೆ. ಕೆಲವರಲ್ಲಿ ತಡವೇ ಮುಂದೆ ಕಾಣಲಿರುವ ತೊಂದರೆಯ ಮೊದಲ ಗುರುತು. ಇವೆರಡರಲ್ಲಿ ಯಾವುದೆಂದು ಮನೆಯಲ್ಲಿ ಕುಳಿತು ನಿರ್ಧರಿಸಲು ಯಾರಿಂದಲೂ ಆಗದು, ಅಜ್ಜಿಯಿಂದಲೂ ಆಗದು, ಪಾದ್ರಿಯಿಂದಲೂ ಆಗದು. ತಜ್ಞರಿಗೂ ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಸಹಾಯ ಆರಂಭಿಸಲು ರೋಗದ ಹೆಸರು ಗೊತ್ತಾಗುವವರೆಗೆ ಕಾಯಬೇಕಾಗಿಲ್ಲ ಎಂಬುದೇ ಇಲ್ಲಿ ಮುಖ್ಯವಾದ ವಿಷಯ. ಕೂರದ ಮಗುವಿಗೆ ಕೂರುವುದನ್ನು ಕಲಿಸಲು ಕಾರಣ ತಿಳಿದಿರಲೇಬೇಕೆಂದಿಲ್ಲ. ತಪಾಸಣೆ ಒಂದು ಕಡೆ ನಡೆಯಲಿ, ಅಭ್ಯಾಸ ಇನ್ನೊಂದು ಕಡೆ ಇಂದೇ ಶುರುವಾಗಲಿ.

ಪ್ರತಿಯೊಂದು ಮಗುವಿಗೂ ತನ್ನದೇ ಗತಿಯಿದೆ, ನಿಜ. ಆದರೆ ಆ ಗತಿಗೊಂದು ಎಲ್ಲೆಯೂ ಇದೆ. 2 ತಿಂಗಳ ಹೊತ್ತಿಗೆ ಮಗು ನಮ್ಮ ಮುಖ ನೋಡಿ ನಗಬೇಕು. 4 ತಿಂಗಳಿಗೆ ಕತ್ತು ನಿಲ್ಲಬೇಕು. 9 ತಿಂಗಳಿಗೆ ಆಸರೆಯಿಲ್ಲದೆ ಕೂರಬೇಕು, ಹೆಸರು ಹಿಡಿದು ಕರೆದರೆ ತಿರುಗಿ ನೋಡಬೇಕು. ಒಂದೂವರೆ ವರ್ಷದೊಳಗೆ ನಡೆಯಬೇಕು, ಕೆಲವು ಪದಗಳನ್ನಾದರೂ ಆಡಬೇಕು. 2 ವರ್ಷಕ್ಕೆ “ಹಾಲು ಬೇಕು”, “ಅಪ್ಪ ಬಂತು” ಎಂಬಂತೆ ಎರಡು ಪದ ಕೂಡಿಸಬೇಕು. ತಿಂಗಳು ತುಂಬುವ ಮುನ್ನ ಹುಟ್ಟಿದ ಮಗುವಾದರೆ ಹುಟ್ಟಿದ ದಿನದಿಂದಲ್ಲ, ವೈದ್ಯರು ಹೆರಿಗೆಗೆಂದು ಕೊಟ್ಟಿದ್ದ ದಿನಾಂಕದಿಂದ ಲೆಕ್ಕ ಹಾಕಬೇಕು. ಮೊದಲ ಎರಡು ವರ್ಷ ಹೀಗೆಯೇ ಎಣಿಸುತ್ತಾರೆ.

ಬೆರಳು ಮಾಡಿ ತೋರಿಸುವುದರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ವರ್ಷ ದಾಟಿದ ಮಗು ಕಾಗೆ ಕಂಡರೆ ಕೈ ಚಾಚಿ ತೋರಿಸಿ, ಆಮೇಲೆ ತಿರುಗಿ ತಾಯಿಯ ಮುಖ ನೋಡುತ್ತದೆ. “ನೀನೂ ನೋಡಿದೆಯಾ?” ಎಂದು ಕೇಳುವಂತೆ. ಅದಕ್ಕೆ ಕಾಗೆ ಬೇಕಾಗಿಲ್ಲ. ತನ್ನ ಸಂತೋಷವನ್ನು ಹಂಚಿಕೊಳ್ಳಲು ಇನ್ನೊಬ್ಬರು ಬೇಕಾಗಿದೆ. ಮಾತಿಗಿಂತ ಮುಂಚೆ ಬರುವ ಮಾತು ಇದು. ಒಂದೂವರೆ ವರ್ಷವಾದರೂ ಮಗು ಏನನ್ನೂ ಹೀಗೆ ತೋರಿಸುತ್ತಿಲ್ಲ, ಕರೆದರೆ ತಿರುಗುತ್ತಿಲ್ಲ, ಬೇಕಾದ್ದಕ್ಕೆ ನಮ್ಮ ಕೈಯನ್ನೇ ಹಿಡಿದೆಳೆದು ಅದರ ಮೇಲೆ ಇಡುತ್ತದೆ ಎಂದಾದರೆ ಆಟಿಸಂ ಇದೆಯೇ ಎಂದು ನೋಡಿಸಬೇಕಾಗುತ್ತದೆ. ಇನ್ನು, ಆಡುತ್ತಿದ್ದ ಮಾತು ನಿಂತುಹೋದರೆ, ಮಾಡುತ್ತಿದ್ದ ಟಾಟಾ ಮರೆತುಹೋದರೆ, ಯಾವ ವಯಸ್ಸೇ ಆಗಿರಲಿ, ಒಂದು ವಾರವೂ ಕಾಯಬೇಡಿ.

ಈ ಹಂತಗಳನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಗರ್ಭಿಣಿಯಾದಾಗ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ತಾಯಿ ಕಾರ್ಡನ್ನು ಹೊರತೆಗೆದು ನೋಡಿ. ಚುಚ್ಚುಮದ್ದಿನ ಪುಟವನ್ನಷ್ಟೇ ನಾವು ತೋರಿಸುತ್ತೇವೆ. ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬುದೂ ಅದರಲ್ಲಿಯೇ ಇದೆ.

ಇಷ್ಟೊಂದು ಅವಸರ ಏಕೆ? ಹುಟ್ಟಿದಾಗ ಮಗುವಿನ ಮಿದುಳು ವಯಸ್ಕರ ಮಿದುಳಿನ ಕಾಲು ಭಾಗದಷ್ಟು ಮಾತ್ರ ಇರುತ್ತದೆ; ಎರಡು ಮೂರು ವರ್ಷ ತುಂಬುವಷ್ಟರಲ್ಲಿ ಶೇಕಡಾ 80ರಷ್ಟು ಬೆಳೆದಿರುತ್ತದೆ. ಬಳಸಿದ ನರಗಳ ದಾರಿ ಗಟ್ಟಿಯಾಗುತ್ತದೆ, ಬಳಸದ್ದು ಮುಚ್ಚಿಹೋಗುತ್ತದೆ. ಗದ್ದೆಗೆ ನೀರು ಹಾಯಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನೀರು ಹರಿದ ಕಡೆ ಕಾಲುವೆ ಉಳಿಯುತ್ತದೆ, ಹರಿಯದ ಕಡೆ ಹುಲ್ಲು ಬೆಳೆಯುತ್ತದೆ. ಮೊದಲ ವರ್ಷಗಳಲ್ಲಿ ಒಂದು ದಾರಿ ಕಟ್ಟಿದ್ದರೂ ಮಿದುಳು ಇನ್ನೊಂದು ದಾರಿ ಹುಡುಕಿಕೊಳ್ಳಬಲ್ಲದು. ಆ ಶಕ್ತಿ ಮುಂದೆಯೂ ಇರುತ್ತದೆ, ಆದರೆ ಇಷ್ಟು ಧಾರಾಳವಾಗಿ ಇರುವುದಿಲ್ಲ.

ಕಿವಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಾತು ಬಾರದ ಮಗುವಿಗೆ ನಮ್ಮಲ್ಲಿ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ದೋಷ ನಾಲಿಗೆಯದಲ್ಲ, ಬಹಳಷ್ಟು ಸಲ ಕಿವಿಯದು. ಕೇಳದಿರುವ ಮಾತನ್ನು ಮಗು ಆಡುವುದಾದರೂ ಹೇಗೆ? ಹುಟ್ಟುಕಿವುಡು ಹೊರಗೆ ಕಾಣುವಂಥದ್ದಲ್ಲ. ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ ‘ಊ’, ‘ಆ’ ಎಂದು ಸದ್ದು ಮಾಡುತ್ತದೆ, ನಗುತ್ತದೆ. ಹಿಂದೆ ನಿಂತು ತಟ್ಟೆ ಬಡಿದು ಪರೀಕ್ಷಿಸುವ ಪದ್ಧತಿಯೂ ಮೋಸ ಮಾಡುತ್ತದೆ. ಸದ್ದು ಕೇಳದಿದ್ದರೂ ನೆಲದ ಅದುರಿಗೆ, ಬಿದ್ದ ನೆರಳಿಗೆ ಮಗು ತಿರುಗಿಬಿಡುತ್ತದೆ. ಮನೆಯವರು ನಿಶ್ಚಿಂತರಾಗುತ್ತಾರೆ. ನಿಜ ಗೊತ್ತಾಗುವಷ್ಟರಲ್ಲಿ ಎರಡೂವರೆ ಮೂರು ವರ್ಷ ಕಳೆದಿರುತ್ತದೆ.

ನವಜಾತ ಶಿಶುವಿನ ಕಿವಿಯನ್ನು ಯಂತ್ರದಿಂದ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸಬಹುದು. ಮಗು ನಿದ್ರೆ ಮಾಡುತ್ತಿರುವಾಗಲೇ ಮಾಡುತ್ತಾರೆ, ನೋವಿಲ್ಲ. ತಜ್ಞರು ಹೇಳುವ ಕ್ರಮ ಹೀಗಿದೆ: 1 ತಿಂಗಳೊಳಗೆ ಮೊದಲ ಪರೀಕ್ಷೆ, ಸಂದೇಹ ಬಂದರೆ 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಶ್ರವಣ ಸಾಧನ ಹಾಗೂ ತರಬೇತಿ. 1998ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಅವರ ಸಂಗಡಿಗರು ಶ್ರವಣದೋಷವುಳ್ಳ 150 ಮಕ್ಕಳ ಅಧ್ಯಯನ ಪ್ರಕಟಿಸಿದರು. 6 ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಪಡೆದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಎಷ್ಟೋ ಮುಂದಿತ್ತು. ದೋಷ ಹೆಚ್ಚೋ ಕಡಿಮೆಯೋ, ಮನೆಯವರು ಬಡವರೋ ಸಿರಿವಂತರೋ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಅಂತರ ಉಳಿಯಿತು. ಸಾಧನ ಅದೇ, ಕಿವಿಯೂ ಅಂಥದ್ದೇ; ಬೇರೆಯಾದದ್ದು ಆರಂಭಿಸಿದ ತಿಂಗಳು.

ಇನ್ನೊಂದು ಉದಾಹರಣೆ ಇನ್ನೂ ಕಟುವಾಗಿದೆ. ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಕೆಲಸ ಮಾಡುವುದಿಲ್ಲ. ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಿಂದ ಇದು ಗೊತ್ತಾಗುತ್ತದೆ. ಮೊದಲ ಎರಡು ವಾರದೊಳಗೆ ಅಗ್ಗದ ಒಂದು ಮಾತ್ರೆ ಶುರುವಾದರೆ ಮಗು ಎಲ್ಲರಂತೆ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಬುದ್ಧಿಯ ಬೆಳವಣಿಗೆಗೆ ಆದ ನಷ್ಟವನ್ನು ಆಮೇಲೆ ಯಾವ ಮಾತ್ರೆಯೂ ತುಂಬಿಕೊಡಲಾರದು. ಹೆರಿಗೆಯಾದ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಕಿವಿಯ ಪರೀಕ್ಷೆ ಆಯಿತೇ, ಥೈರಾಯ್ಡ್ ಪರೀಕ್ಷೆ ಆಯಿತೇ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಈಗ ನಮ್ಮೊಳಗಿನ ಅಡ್ಡಿಗಳ ಬಗ್ಗೆ ಸ್ವಲ್ಪ ಮಾತನಾಡಬೇಕು. ಬಸ್ಸಿಲ್ಲದಿರುವುದು, ಕೂಲಿ ತಪ್ಪುವುದು, ಆಸ್ಪತ್ರೆ ದೂರವಿರುವುದು ಇವೆಲ್ಲ ಇದ್ದೇ ಇವೆ. ಅದಕ್ಕಿಂತ ದೊಡ್ಡದು ನಾಚಿಕೆ. ಮಗುವನ್ನು ಒಳಗಿನ ಕೋಣೆಯಲ್ಲಿಟ್ಟು ಬೆಳೆಸುವ ಮನೆಗಳು ಇನ್ನೂ ಇವೆ. ಅಕ್ಕನ ಮದುವೆಗೆ ತೊಂದರೆಯಾದೀತೆಂದು ತಮ್ಮನ ವಿಷಯ ಮುಚ್ಚಿಡುತ್ತಾರೆ. ಎಲ್ಲಕ್ಕಿಂತ ಹೀನವಾದದ್ದು, ತಾಯಿಯನ್ನು ದೂರುವುದು: ಬಸುರಿಯಲ್ಲಿ ಏನು ತಿಂದಳೋ, ಗ್ರಹಣ ನೋಡಿದಳೋ, ಯಾರ ಶಾಪವೋ. ಹುಟ್ಟುಕುರುಡನನ್ನು ಕಂಡು ಇದು ಇವನ ಪಾಪವೋ ಇವನ ಹೆತ್ತವರ ಪಾಪವೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕಿದರು. ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯ ತೆಗೆದು ನೋಡಿ. ಸ್ವಾಮಿಯೇ ಮುಚ್ಚಿದ ಪ್ರಶ್ನೆಯನ್ನು ನಮ್ಮ ಅಡುಗೆಮನೆಗಳಲ್ಲಿ ಮತ್ತೆ ತೆರೆಯುವ ಅಧಿಕಾರ ಅತ್ತೆಗೂ ಇಲ್ಲ, ನಾದಿನಿಗೂ ಇಲ್ಲ.

ಹರಕೆಯ ವಿಷಯಕ್ಕೂ ಬರೋಣ. ದೋರನಹಳ್ಳಿಯ ಸಂತ ಅಂತೋಣಿಯವರಿಗೆ, ಅತ್ತೂರಿನ ಸಂತ ಲಾರೆನ್ಸರಿಗೆ, ವೇಳಾಂಗಣ್ಣಿ ಮಾತೆಗೆ ಮಗುವಿನ ಹೆಸರಲ್ಲಿ ಹರಕೆ ಹೊರುವವರು ನಮ್ಮಲ್ಲಿ ಬಹಳ. ಬೇಡವೆನ್ನಲು ನಾನು ಯಾರು? ಆದರೆ ಹರಕೆ ಹೊತ್ತಿದ್ದೇವೆ, ಫಲ ಕಾಣುವವರೆಗೆ ಆಸ್ಪತ್ರೆಗೆ ಹೋಗುವುದು ವಿಶ್ವಾಸದ ಕೊರತೆ ಎಂದು ಕೆಲವರು ತಿಳಿಯುತ್ತಾರೆ. ಗುರುಮಠದಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದಿಸುವಾಗ ನಮಗೆ ಕಲಿಸಿದ ಮೊದಲ ಪಾಠಗಳಲ್ಲೊಂದು, ದೈವಕೃಪೆಯು ಪ್ರಕೃತಿಯನ್ನು ಬದಿಗೆ ಸರಿಸಿ ಕೆಲಸ ಮಾಡುವಂಥದ್ದಲ್ಲ ಎಂಬುದು. ಬೆತ್ಸಾಯಿದದ ಕುರುಡನಿಗೆ ಕೂಡ ಒಂದೇ ಸಲಕ್ಕೆ ಎಲ್ಲವೂ ಸ್ಪಷ್ಟವಾಗಲಿಲ್ಲ. ಸ್ವಾಮಿ ಎರಡನೆಯ ಸಲ ಕೈಯಿಟ್ಟರು. ಯಾತ್ರೆಗೆ ಹೋಗಿ ಬನ್ನಿ. ಹೊರಡುವ ಮುಂಚೆ ಕಿವಿ ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡು ಹೊರಡಿ.

ಮುಂಗಡ ನೆರವು ಎಂದೊಡನೆ ದೊಡ್ಡ ಯಂತ್ರ, ಸಾವಿರಾರು ರೂಪಾಯಿ ಎಂದು ಹೆದರಬೇಡಿ. ಪರೀಕ್ಷೆ, ಸಾಧನ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆದರೆ ಅದರ ಬಹುಪಾಲು ನಡೆಯುವುದು ಮನೆಯ ಚಾಪೆಯ ಮೇಲೆ. ವಾರಕ್ಕೊಮ್ಮೆ ಅರ್ಧ ಗಂಟೆ ತಜ್ಞರು ಮಾಡುವುದಕ್ಕಿಂತ ಉಳಿದ ಆರೂವರೆ ದಿನ ಮನೆಯವರು ಮಾಡುವುದೇ ಹೆಚ್ಚು. 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಎಂಬ ಊರಿನಲ್ಲಿ ಇದೇ ವಿಚಾರದ ಮೇಲೆ ಒಂದು ಯೋಜನೆ ಶುರುವಾಯಿತು. ಹಳ್ಳಿಗಾಡಿನ ಮನೆಗಳಿಗೆ ಶಿಕ್ಷಕಿ ವಾರಕ್ಕೊಮ್ಮೆ ಹೋಗಿ, ಆ ವಾರ ಮಗುವಿಗೆ ಕಲಿಸಬೇಕಾದ ಒಂದೆರಡು ಸಣ್ಣ ಕೆಲಸಗಳನ್ನು ತಾಯಿಗೆ ತೋರಿಸಿ ಬರುತ್ತಿದ್ದಳು. ಪೋರ್ಟೇಜ್ ಎಂಬ ಹೆಸರಿನಲ್ಲಿಯೇ ಆ ಕ್ರಮ ಭಾರತಕ್ಕೂ ಬಂತು. ಇನ್ನೂ ಹತ್ತಿರದ ಉದಾಹರಣೆ ನಮ್ಮ ಪಕ್ಕದ ಗೋವಾದ್ದು. ಆಟಿಸಂ ಇರುವ 65 ಮಕ್ಕಳನ್ನು ಒಳಗೊಂಡು ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ನಡೆದ ಅಧ್ಯಯನವೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಮನೆಗೆ ಹೋಗುತ್ತಿದ್ದವರು ದೊಡ್ಡ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. 6 ತಿಂಗಳಲ್ಲಿ 12 ಭೇಟಿ. ತಾಯಿಯೋ ತಂದೆಯೋ ಮಗುವಿನೊಡನೆ ಆಡುವುದನ್ನು ವಿಡಿಯೋ ತೆಗೆದು, ಅವರಿಗೇ ತೋರಿಸಿ, ಮಗು ಎಲ್ಲಿ ನಿಮ್ಮ ಕಡೆ ತಿರುಗಿತು ನೋಡಿ ಎಂದು ಗಮನಕ್ಕೆ ತರುತ್ತಿದ್ದರು. ಎಲ್ಲ ಅಳತೆಗಳಲ್ಲೂ ಸುಧಾರಣೆ ಕಾಣಲಿಲ್ಲ. ಆದರೆ ಹೆತ್ತವರು ಮಗುವಿನ ದಾರಿಗೆ ಹೊಂದಿಕೊಂಡು ಆಡುವುದು ಹೆಚ್ಚಿತು, ಮಕ್ಕಳು ತಾವಾಗಿಯೇ ಮಾತುಕತೆಗೆ ಮುಂದಾಗುವುದೂ ಹೆಚ್ಚಿತು.

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದೇನು? ಮಾತು ತಡವಾದ ಮಗುವಿನ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಗುವಿನ ಎತ್ತರಕ್ಕೆ ಇಳಿದು, ನೆಲದ ಮೇಲೆ, ಮುಖಕ್ಕೆ ಮುಖ ಕೊಟ್ಟು ಕುಳಿತುಕೊಳ್ಳಬೇಕು. ಅದು ಯಾವುದರ ಜೊತೆ ಆಡುತ್ತಿದೆಯೋ ಅದರ ಬಗ್ಗೆಯೇ ಚಿಕ್ಕ ಚಿಕ್ಕ ಮಾತು ಆಡಬೇಕು: “ಚೆಂಡು. ಉರುಳಿತು. ಚೆಂಡು ಉರುಳಿತು.” ಆಮೇಲೆ ಬಾಯಿ ಮುಚ್ಚಿ ಕಾಯಬೇಕು. ಇದೇ ಕಷ್ಟವಾದದ್ದು. ಮಗು ಕೇಳುವ ಮುನ್ನವೇ ನಾವು ಎಲ್ಲವನ್ನೂ ಕೈಗಿಟ್ಟುಬಿಡುತ್ತೇವೆ, ಪ್ರಶ್ನೆಯನ್ನೂ ನಾವೇ ಕೇಳಿ ಉತ್ತರವನ್ನೂ ನಾವೇ ಹೇಳುತ್ತೇವೆ. ಬಿಸ್ಕತ್ತಿನ ಡಬ್ಬಿ ಕಾಣುವಂತೆ ಇಟ್ಟು, ಮಗು ನೋಡಿಯೋ ಕೈಮಾಡಿಯೋ ಒಂದು ಸದ್ದು ಮಾಡಿಯೋ ಕೇಳಲು ಹತ್ತೆಣಿಕೆಯಷ್ಟು ಹೊತ್ತು ಅವಕಾಶ ಕೊಡಿ. ಸದ್ದು ಬಂದರೆ ಅದನ್ನೇ ಮಾತೆಂದು ಸ್ವೀಕರಿಸಿ, “ಬಿಸ್ಕತ್ತು ಬೇಕಾ? ತಗೋ” ಎನ್ನಿ.

ಅಜ್ಜಿಯಂದಿರು ಇಲ್ಲಿ ನಮ್ಮ ದೊಡ್ಡ ಆಸ್ತಿ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವಾಗ ಒಂದೊಂದೇ ಅಂಗದ ಹೆಸರು ಹೇಳಿ, ಹಾಡಿ, ಮುಖ ನೋಡಿ ನಗಿಸುವ ನಮ್ಮ ಹಳೆಯ ಪದ್ಧತಿ ಬಹಳ ಒಳ್ಳೆಯ ತರಬೇತಿ. ಕೈಕಾಲನ್ನು ಜೋರಾಗಿ ಎಳೆಯುವುದು, ತಲೆಕೆಳಗೆ ಹಿಡಿದು ಕೊಡವುವುದು ಮಾತ್ರ ಬೇಡ. ಸೆರೆಬ್ರಲ್ ಪಾಲ್ಸಿಯಿಂದ ಕಾಲುಗಳು ಬಿಗಿದು ಕತ್ತರಿಯಂತೆ ಒಂದರ ಮೇಲೊಂದು ಬರುವ ಮಕ್ಕಳನ್ನು ಸೊಂಟದ ಮೇಲೆ, ಕಾಲು ಎರಡೂ ಕಡೆ ಬರುವಂತೆ ಕೂರಿಸಿಕೊಂಡು ತಿರುಗುವುದನ್ನು ಫಿಸಿಯೋಥೆರಪಿಯವರು ತಾವಾಗಿಯೇ ಹೇಳಿಕೊಡುತ್ತಾರೆ. ನಮ್ಮ ಹೆಂಗಸರು ತಲೆತಲಾಂತರದಿಂದ ಮಾಡುತ್ತ ಬಂದಿರುವುದು ಅದನ್ನೇ. ಆದರೆ ಇಂಥ ಮಗುವನ್ನು ಅಂಗಾತ ಮಲಗಿಸಿ ಒಳಲೆಯಲ್ಲಿ ಹಾಲು ಹಾಕುವುದು ಅಪಾಯ; ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಲೆ ಎತ್ತಿ, ತುಸು ಮುಂದಕ್ಕೆ ಬಾಗಿಸಿ ಕೂರಿಸಿಕೊಂಡೇ ತಿನ್ನಿಸಬೇಕು. ನಡಿಗೆ ಕಲಿಯಲೆಂದು ಕೊಳ್ಳುವ ಚಕ್ರದ ವಾಕರ್‌ನಿಂದ ಉಪಯೋಗವಿಲ್ಲ, ಬಿದ್ದು ಪೆಟ್ಟಾಗುವುದೇ ಹೆಚ್ಚು.

ಮೊಬೈಲಿನ ಮಾತು ಬರದೆ ಹೋಗುವುದಿಲ್ಲ. ಮೊಬೈಲಿನಿಂದ ಆಟಿಸಂ ಬರುತ್ತದೆಂದು ತಾಯಂದಿರನ್ನು ಹೆದರಿಸುವುದು ತಪ್ಪು. ಆದರೆ ಮಾತು ಕಲಿಯಲು ಉತ್ತರ ಕೊಡುವ ಮುಖ ಬೇಕು, ಮೊಬೈಲಿಗೆ ಅಂಥ ಮುಖವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ 2 ವರ್ಷ ತುಂಬದ ಮಗುವಿಗೆ ಪರದೆಯೇ ಬೇಡ.

ಎಲ್ಲಿಗೆ ಹೋಗಬೇಕು? ಹತ್ತಿರದ ಬಾಗಿಲು ಅಂಗನವಾಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ಆ ದಿನ ಯಾವುದೆಂದು ಕಾರ್ಯಕರ್ತೆಯನ್ನೋ ಆಶಾ ಅಕ್ಕನನ್ನೋ ಕೇಳಿಟ್ಟುಕೊಳ್ಳಿ. ಸಂದೇಹ ಬಂದ ಮಕ್ಕಳನ್ನು ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂದು ಕರೆಯುವ ಕೇಂದ್ರಕ್ಕೆ ಕಳುಹಿಸುತ್ತಾರೆ. ಈ ಕಾರ್ಯಕ್ರಮದ ತಪಾಸಣೆಗೂ ಚಿಕಿತ್ಸೆಗೂ ಹಣ ಕೊಡಬೇಕಾಗಿಲ್ಲ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾದದ್ದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ನಮ್ಮದೇ ಸಂತ ಯೊವಾನ್ನರ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕವಿದೆ. ಕರಾವಳಿಯವರಿಗೆ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಹತ್ತಿರ.

ಖರ್ಚಿನ ಬಗ್ಗೆ ಎರಡು ವಿಷಯ. ಅಂಗವೈಕಲ್ಯ ಖಚಿತವಾದರೆ ಯುಡಿಐಡಿ ಕಾರ್ಡು ಮಾಡಿಸಿಕೊಳ್ಳಿ. “ಕಾರ್ಡು ಮಾಡಿಸಿದರೆ ಮಗುವಿಗೆ ಮುದ್ರೆ ಒತ್ತಿದ ಹಾಗೆ ಫಾದರ್” ಎಂದು ಹಿಂಜರಿಯುವವರಿದ್ದಾರೆ. ಮುದ್ರೆಯಲ್ಲ, ಅದು ಬೀಗದ ಕೈ. 2016ರ ಕಾನೂನಿನಲ್ಲಿ ಗುರುತಿಸಿರುವ 21 ಬಗೆಯ ವೈಕಲ್ಯಗಳಿಗೆ ಸಿಗುವ ಸವಲತ್ತುಗಳೆಲ್ಲ ಅದರಿಂದಲೇ ತೆರೆಯುತ್ತವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಎಂಬ ವಿಮೆಯಿದೆ. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ, ಥೆರಪಿಯ ಖರ್ಚೂ ಸೇರಿ. ಇನ್ನೊಂದು ವಿಷಯ, ಪೂರ್ತಿ ಗುಣಪಡಿಸುತ್ತೇವೆಂದು ಲಕ್ಷಗಟ್ಟಲೆ ಕೇಳುವವರಿಂದ ದೂರವಿರಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ತಿಳಿಸಿದೆ. ಗದ್ದೆ ಮಾರಿ ಇಂಥ ಕಡೆಗೆ ಹೋಗಬೇಡಿ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಬೇಗ ಶುರುಮಾಡಿದ ಮಕ್ಕಳೆಲ್ಲ ಎಲ್ಲರಂತೆ ಆಗುತ್ತಾರೆಂದು ನಾನು ಮಾತು ಕೊಡಲಾರೆ. ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಅದು ಜೀವನಪರ್ಯಂತ ಇರುತ್ತದೆ. ಆದರೆ ಅದರ ಹೃದಯ, ಕಿವಿ, ಕಣ್ಣು, ಥೈರಾಯ್ಡ್‌ಗಳನ್ನು ಮೊದಲೇ ನೋಡಿಸಿ, ತಾನೇ ಉಣ್ಣಲು, ಬಟ್ಟೆ ಹಾಕಿಕೊಳ್ಳಲು, ಬೇಕಾದ್ದನ್ನು ಕೇಳಲು ಚಿಕ್ಕಂದಿನಲ್ಲೇ ಕಲಿಸಿದ್ದರೆ, ಇಪ್ಪತ್ತನೆಯ ವಯಸ್ಸಿನಲ್ಲಿ ಆ ಯುವಕ ಹೇಗಿರುತ್ತಾನೆ, ಆಗ ಅವನ ತಾಯಿಯ ದಿನ ಹೇಗಿರುತ್ತದೆ ಎಂಬುದರಲ್ಲಿ ಅಜಗಜಾಂತರವಿದೆ. ತತ್ವಶಾಸ್ತ್ರದ ತರಗತಿಯಲ್ಲಿ ಅರಿಸ್ಟಾಟಲನ ಬೀಜ ಮತ್ತು ಮರದ ಉದಾಹರಣೆ ಕಲಿಯುತ್ತಿದ್ದಾಗ ಬೀಜದೊಳಗೆ ಅಡಗಿರುವ ಶಕ್ತಿಯ ಬಗ್ಗೆಯೇ ಚರ್ಚೆ ನಡೆಯುತ್ತಿತ್ತು. ಯಾವ ತಿಂಗಳಲ್ಲಿ ಬಿತ್ತಬೇಕೆಂದು ಯಾರೂ ಕೇಳಲಿಲ್ಲ. ರೈತನಾದರೆ ಅದನ್ನೇ ಮೊದಲು ಕೇಳುತ್ತಿದ್ದ.

ಇದನ್ನು ಓದುತ್ತಿರುವ ಕೆಲವರ ಮಕ್ಕಳಿಗೆ ಈಗಾಗಲೇ ಆರೋ ಏಳೋ ತುಂಬಿರಬಹುದು. ನಿಮ್ಮ ಮನಸ್ಸು ನೋಯಿಸಲು ಇದನ್ನು ಬರೆದದ್ದಲ್ಲ. ಮೂರು ವರ್ಷಕ್ಕೆ ಬಾಗಿಲು ಮುಚ್ಚಿಹೋಗುವುದಿಲ್ಲ, ಕಿರಿದಾಗುತ್ತದೆ ಅಷ್ಟೇ. ಕಲಿಯುವುದನ್ನು ಮಗು ಯಾವ ವಯಸ್ಸಿನಲ್ಲೂ ನಿಲ್ಲಿಸುವುದಿಲ್ಲ. ವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆಯಿಲ್ಲವೆಂದು ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಅದರ ಹಕ್ಕು. ಶಾಲೆಯವರು ಸೇರಿಸಿಕೊಳ್ಳುವುದಿಲ್ಲವೆಂದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ನಾವು ಬರುತ್ತೇವೆ.

ಧರ್ಮಕೇಂದ್ರದ ಉಳಿದವರಿಗೂ ಕೆಲಸವಿದೆ. ಜ್ಞಾನಸ್ನಾನದ ದಿನ ಮೇಣದಬತ್ತಿ ಹಿಡಿದು ನಿಂತ ಜ್ಞಾನತಂದೆ ಜ್ಞಾನತಾಯಿಯರು ವರ್ಷಕ್ಕೊಮ್ಮೆ ಹೊಸ ಅಂಗಿ ಕೊಟ್ಟರೆ ಮುಗಿಯಿತೇ? ಥೆರಪಿಗೆ ಹೋಗುವ ದಿನ ಮನೆಯ ಇನ್ನೊಂದು ಮಗುವನ್ನು ನೋಡಿಕೊಳ್ಳಿ, ಆಗಾಗ ನೀವೇ ಕರೆದೊಯ್ಯಿರಿ. ಥೆರಪಿ ಬಿಟ್ಟುಹೋಗುವುದು ಎಷ್ಟೋ ಸಲ ಬಸ್ಸಿನ ಹಣಕ್ಕೂ ತಪ್ಪಿದ ಕೂಲಿಗೂ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಆ ಹಣ ಕೊಡುವುದು ಹಬ್ಬದ ಅಕ್ಕಿಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ. ಪೂಜೆಯ ನಡುವೆ ಮಗುವೊಂದು ಕೂಗಿದರೆ ಹಿಂತಿರುಗಿ ನೋಡಬೇಡಿ. ಆ ಒಂದು ನೋಟಕ್ಕೆ ಹೆದರಿ ವರ್ಷಗಟ್ಟಲೆ ದೇವಾಲಯದ ಮೆಟ್ಟಿಲು ಹತ್ತದ ತಾಯಂದಿರಿದ್ದಾರೆ.

ತಂದೆಯರಿಗೆ ಒಂದು ವಿನಂತಿ. ಮೊದಲ ಭೇಟಿಗೆ ನೀವೂ ಹೋಗಿ. ತಾಯಿಯೊಬ್ಬಳೇ ಹೋಗಿ ಬಂದು ಹೇಳಿದ್ದನ್ನು ಮನೆಯಲ್ಲಿ ಅರ್ಧ ನಂಬುತ್ತಾರೆ, ಅರ್ಧ ಬಿಡುತ್ತಾರೆ. ಹೋಗುವಾಗ ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಕಾಗದ, ಹಿಂದಿನ ಚೀಟಿಗಳು ಕೈಯಲ್ಲಿರಲಿ. ಮಗು ಮನೆಯಲ್ಲಿ ಆಡುವುದನ್ನು, ತಿನ್ನುವುದನ್ನು, ಎದ್ದು ನಿಲ್ಲಲು ಪ್ರಯತ್ನಿಸುವುದನ್ನು ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿಕೊಂಡು ಹೋಗಿ. ಹೊಸ ಜಾಗದಲ್ಲಿ ಮಗು ಅತ್ತುಬಿಟ್ಟರೆ ವೈದ್ಯರಿಗೆ ಅದೇ ಆಧಾರ. ಯಾವಾಗ ನಕ್ಕಿತು, ಯಾವಾಗ ಕುಳಿತಿತು, ಯಾವ ಮಾತು ಬಂದು ಹೋಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವೈದ್ಯರು “ಇನ್ನೂ ಆರು ತಿಂಗಳು ನೋಡೋಣ” ಎಂದರೆ, ಆ ಆರು ತಿಂಗಳು ಮನೆಯಲ್ಲಿ ನಾವು ಏನು ಮಾಡಬೇಕು ಎಂದು ಕೇಳಿ ಬರೆಸಿಕೊಳ್ಳಿ. ಮುಂದಿನ ಭೇಟಿಯ ದಿನಾಂಕ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.